ಇಪ್ಪತ್ತು ಪರ್ಸೆಂಟ್ ಕಮಿಷನ್ನಿನ ರೀಫಂಡ್: ಒಂದು ಪ್ರಕರಣ ಅಧ್ಯಯನ

ಸಂಬಳದಾರರಿಗೆ ಆದಾಯ ತೆರಿಗೆ ರೀಫಂಡ್ ಕೊಡಿಸುತ್ತೇವೆ ಎಂದು ಬರುವ ಸಂಸ್ಥೆಗಳನ್ನು ನಂಬಬಹುದೇ ಎಂಬ ಪ್ರಶ್ನೆಗೆ ಒಂದೇ ಪ್ರಕರಣ ಹಿಡಿದು ಉತ್ತರ ಹುಡುಕುವ ಬರಹ ಇದು. ವ್ಯಕ್ತಿಗಳ, ಕಾರ್ಖಾನೆಯ, ಏಜೆಂಟರ ಗುರುತು ಸಿಗದಂತೆ ವಿವರಗಳನ್ನೂ ಮೊತ್ತಗಳನ್ನೂ ಬದಲಿಸಲಾಗಿದೆ. ಲೆಕ್ಕ ಹಾಕುವ ಕ್ರಮ ಪ್ರಕರಣ ನಡೆದ ವರ್ಷದ ನಿಯಮದಂತೆಯೇ ಇದೆ. ಸೆಕ್ಷನ್ ಸಂಖ್ಯೆಗಳೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಜಾರಿ ಎಂದಾದರೂ, ಅದಕ್ಕೆ ಹಿಂದಿನ ವರ್ಷಗಳ ರಿಟರ್ನ್‌ಗಳಿಗೆ ಹಳೆಯದೇ ಅನ್ವಯ.

ಹಿನ್ನೆಲೆ

ರಾಜ್ಯದ ಒಂದು ಕೈಗಾರಿಕಾ ಪ್ರದೇಶದ ಕಾರ್ಖಾನೆ. ಅಲ್ಲಿನ ಸೂಪರ್‌ವೈಸರ್ ಒಬ್ಬರಿಗೆ 2023-24ರ ಹಣಕಾಸು ವರ್ಷದಲ್ಲಿ ಬಂದ ಒಟ್ಟು ಸಂಬಳ 11,50,000 ರೂ. ವಾಸ ತಂದೆಯ ಮನೆಯಲ್ಲಿ, ಬಾಡಿಗೆ ಕಟ್ಟುವ ಮಾತಿಲ್ಲ. ಪಿಎಫ್ ಮತ್ತು ಎಲ್‌ಐಸಿ ಎರಡರಲ್ಲೇ 80ಸಿ (ಉಳಿತಾಯಕ್ಕೆ ಸಿಗುವ ಕಡಿತ) ಮಿತಿಯ 1,50,000 ರೂ. ತುಂಬಿತ್ತು. ಇಂಥ ಕಡಿತಗಳಿಗೆ ಅವಕಾಶವಿರುವ ಹಳೆಯ ತೆರಿಗೆ ಪದ್ಧತಿ ಸಾಕೆಂದು ಕಂಪನಿಗೆ ಬರೆದುಕೊಟ್ಟಿದ್ದರು.

ಕಂಪನಿ ಲೆಕ್ಕ ಸರಿಯಾಗಿಯೇ ಹಾಕಿತ್ತು. ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,400, 80ಸಿಯ 1,50,000 ಕಳೆದು ತೆರಿಗೆಗೆ ಒಳಪಡುವ ಆದಾಯ 9,47,600 ರೂ. ಅದರ ಮೇಲೆ ಸೆಸ್ ಸೇರಿ 1,06,100 ರೂ. ಟಿಡಿಎಸ್ (ಸಂಬಳದಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು, ಅದರ ಪ್ರಮಾಣಪತ್ರವಾದ ಫಾರ್ಮ್ 16 ಕೊಟ್ಟಿತ್ತು. ಈ ಲೆಕ್ಕಕ್ಕೆ ಸೇರದೆ ಉಳಿದದ್ದು ಒಂದೇ ಸಂಗತಿ: ತಂದೆತಾಯಿಯ ಆರೋಗ್ಯ ವಿಮೆಗೆ ಅವರು ಬ್ಯಾಂಕ್ ಮೂಲಕ ಕಟ್ಟಿದ್ದ 18,000 ರೂ. ಪ್ರೀಮಿಯಂ. ಕಂಪನಿಗೆ ರಸೀದಿ ಕೊಡುವುದು ತಪ್ಪಿಹೋಗಿತ್ತು. ಅದನ್ನು ಸೇರಿಸಿ ತಾವೇ ರಿಟರ್ನ್ ಸಲ್ಲಿಸಿದ್ದರೆ ತೆರಿಗೆ 1,02,360ಕ್ಕೆ ಇಳಿದು 3,740 ರೂ. ರೀಫಂಡ್ ಬರುತ್ತಿತ್ತು. ಹಳೆಯ ಪದ್ಧತಿಯಲ್ಲೇ ಉಳಿದರೆ ಅವರಿಗೆ ನ್ಯಾಯವಾಗಿ ಸಲ್ಲಬೇಕಾಗಿದ್ದ ರೀಫಂಡ್ ಅಷ್ಟೇ. ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ರಿಟರ್ನ್ ಸಲ್ಲಿಸಲು ಯಾವ ಶುಲ್ಕವೂ ಇಲ್ಲ.

2024ರ ಜುಲೈ ಮೊದಲ ವಾರ ನೌಕರರ ವಾಟ್ಸಾಪ್ ಗುಂಪಿಗೆ ಒಂದು ‘ಟ್ಯಾಕ್ಸ್ ಕನ್ಸಲ್ಟೆನ್ಸಿ’ಯ ಸಂದೇಶ ಬಂತು. ಕಟ್ ಆದ ಟ್ಯಾಕ್ಸ್ ಪೂರ್ತಿ ವಾಪಸ್, ರೀಫಂಡ್ ಬಂದ ಮೇಲೆ 20 ಪರ್ಸೆಂಟ್ ಕೊಟ್ಟರೆ ಸಾಕು, ಬರದಿದ್ದರೆ ಒಂದು ರೂಪಾಯಿಯೂ ಬೇಡ. ಮರುವಾರ ಕ್ಯಾಂಟೀನ್ ಪಕ್ಕ ಮೇಜು ಹಾಕಿ ಕೂರಲು ಅವರಿಗೆ ಅವಕಾಶವೂ ಸಿಕ್ಕಿತು. ಎಚ್‌ಆರ್ ವಿಭಾಗ ಅವರನ್ನು ಕರೆಸಿರಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಆವರಣದೊಳಗೆ ಕೂತವರು ಕಂಪನಿಗೆ ಬೇಕಾದವರೇ ಇರಬೇಕು ಎಂದು ನೌಕರರು ಅಂದುಕೊಂಡರು. ಇಂಥ ಕಡೆ ನಂಬಿಕೆ ಹುಟ್ಟುವುದು ಬಹುಪಾಲು ಹೀಗೆಯೇ. ಸಂಸ್ಥೆಯ ಅರ್ಹತೆ ಏನೆಂದು ಯಾರೂ ಕೇಳುವುದಿಲ್ಲ.

ಕೊಟ್ಟದ್ದು ಏನು

ಫಾರ್ಮ್ 16, ಪಾನ್, ಆಧಾರ್, ಬ್ಯಾಂಕ್ ಖಾತೆಯ ವಿವರ, ಜೊತೆಗೆ ಇ-ಫೈಲಿಂಗ್ ಪೋರ್ಟಲ್‌ನ ಪಾಸ್‌ವರ್ಡ್. ಆಮೇಲೆ ಫೋನಿನಲ್ಲಿ “ಸರ್, ಒಂದು ಓಟಿಪಿ ಬಂದಿರುತ್ತೆ, ಹೇಳಿಬಿಡಿ” ಎಂದು ಕೇಳಿದಾಗಲೆಲ್ಲ ಓಟಿಪಿ.

ಆ ಓಟಿಪಿಗಳಲ್ಲಿ ಎರಡು ಮುಖ್ಯವಾದವು. ಒಂದು, ಪೋರ್ಟಲ್‌ನಲ್ಲಿದ್ದ ಇಮೇಲ್ ತೆಗೆದು ಏಜೆಂಟ್ ತನ್ನದೊಂದು ಜಿಮೇಲ್ ವಿಳಾಸ ಹಾಕಲು ಬಳಸಿದ್ದು. ಇನ್ನೊಂದು, ರಿಟರ್ನ್ ಅನ್ನು ಇ-ವೆರಿಫೈ ಮಾಡಲು ಬಳಸಿದ ಆಧಾರ್ ಓಟಿಪಿ. ಎರಡನೆಯದು ಕಾನೂನಿನ ದೃಷ್ಟಿಯಲ್ಲಿ ಸಹಿ. ಇದರಲ್ಲಿ ಬರೆದಿದ್ದೆಲ್ಲ ಸತ್ಯ ಎಂದು ತೆರಿಗೆದಾರ ಪ್ರಮಾಣ ಮಾಡಿದಂತೆ. ತುಂಬಿದವರು ಯಾರೇ ಆಗಲಿ, ಹೊಣೆ ಪಾನ್ ಯಾರದ್ದೋ ಅವರದ್ದೇ.

ಸಲ್ಲಿಸಿದ ರಿಟರ್ನ್‌ನ ಪೂರ್ಣ ಪ್ರತಿ ಸೂಪರ್‌ವೈಸರ್ ಕೈಗೆ ಬರಲಿಲ್ಲ. ಒಂದು ಪುಟದ ಸ್ವೀಕೃತಿ ಪತ್ರ ಮಾತ್ರ ವಾಟ್ಸಾಪ್‌ನಲ್ಲಿ ಬಂತು. ಅದರಲ್ಲಿ ಯಾವ ಸೆಕ್ಷನ್‌ನಲ್ಲಿ ಎಷ್ಟು ಕಳೆದಿದ್ದಾರೆ ಎಂಬುದು ಇರುವುದಿಲ್ಲ. ಆದರೆ ಒಟ್ಟು ಆದಾಯದ ಸಾಲು ಇರುತ್ತದೆ. ಅಲ್ಲಿ 4,92,600 ಎಂದಿತ್ತು. ಫಾರ್ಮ್ 16ರಲ್ಲಿ 9,47,600. ಎರಡು ಕಾಗದ ಅಕ್ಕಪಕ್ಕ ಇಟ್ಟಿದ್ದರೆ ಅಂದೇ ತಿಳಿಯುತ್ತಿತ್ತು. ಅವರ ಕಣ್ಣು ಹೋದದ್ದು ರೀಫಂಡ್ ಸಾಲಿಗೆ.

ಆಗಸ್ಟ್‌ನಲ್ಲಿ 1,06,100 ರೂ. ಹಾಗೂ ರೀಫಂಡ್ ಮೇಲೆ ಇಲಾಖೆ ಕೊಡುವ ಸೆಕ್ಷನ್ 244ಎ ಬಡ್ಡಿ 2,652 ರೂ. ಖಾತೆಗೆ ಬಂತು. ಅದೇ ದಿನ ಯುಪಿಐನಲ್ಲಿ 21,220 ರೂ. ಕಮಿಷನ್ ಹೋಯಿತು.

ರಿಟರ್ನ್‌ನಲ್ಲಿ ಇದ್ದದ್ದು

ಮುಂದೆ ಪೋರ್ಟಲ್‌ನಿಂದ ರಿಟರ್ನ್ ಇಳಿಸಿಕೊಂಡು ನೋಡಿದಾಗ ಫಾರ್ಮ್ 16ರಲ್ಲಿ ಇಲ್ಲದ ಐದು ಬಾಬ್ತು ಕಂಡವು. ಮನೆ ಬಾಡಿಗೆ ಭತ್ಯೆಯ ವಿನಾಯಿತಿ 1,80,000. ಆರೋಗ್ಯ ವಿಮೆ, 80ಡಿ, 50,000. ಶಿಕ್ಷಣ ಸಾಲದ ಬಡ್ಡಿ, 80ಇ, 95,000. ರಾಜಕೀಯ ಪಕ್ಷಕ್ಕೆ ದೇಣಿಗೆ, 80ಜಿಜಿಸಿ, 90,000. ಗಂಭೀರ ಕಾಯಿಲೆಯ ಚಿಕಿತ್ಸೆ, 80ಡಿಡಿಬಿ, 40,000. ಒಟ್ಟು 4,55,000 ರೂ. ಇದರಲ್ಲಿ ನಿಜವಾದದ್ದು ವಿಮೆಯ 18,000 ಒಂದೇ. ಅದೂ ಏಜೆಂಟ್‌ಗೆ ಗೊತ್ತಿದ್ದು ಬರೆದದ್ದಲ್ಲ.

ಈ ಆಯ್ಕೆಗೆ ಲೆಕ್ಕಾಚಾರವಿದೆ. ಹಳೆಯ ಪದ್ಧತಿಯಲ್ಲಿ ಒಟ್ಟು ಆದಾಯ 5 ಲಕ್ಷ ದಾಟದಿದ್ದರೆ 87ಎ ರಿಯಾಯಿತಿಯಿಂದ ತೆರಿಗೆ ಸೊನ್ನೆ. ಹಾಗಾಗಿ ಆದಾಯವನ್ನು 5 ಲಕ್ಷದ ಸ್ವಲ್ಪ ಕೆಳಗೆ ತಂದು ನಿಲ್ಲಿಸುವಷ್ಟು ಕಡಿತ ತುಂಬುತ್ತಾರೆ. 80ಇಗೆ ಗರಿಷ್ಠ ಮಿತಿ ಇಲ್ಲ. 80ಜಿಜಿಸಿಯಲ್ಲಿ ನಗದು ಬಿಟ್ಟು ಬೇರೆ ರೂಪದಲ್ಲಿ ಕೊಟ್ಟ ದೇಣಿಗೆ ನೂರಕ್ಕೆ ನೂರು ಕಳೆಯುತ್ತದೆ. ಹೀಗೆ ಬೇಕಾದಷ್ಟು ಹಿಗ್ಗಿಸಬಹುದಾದ ಬಾಬ್ತುಗಳೇ ಇವರಿಗೆ ಬೇಕು. ಒಬ್ಬೊಬ್ಬ ನೌಕರನ ಸಂಸಾರ ಬೇರೆ, ಸಾಲ ಬೇರೆ; ಆದರೂ ಆ ಮೇಜಿನಲ್ಲಿ ಸಲ್ಲಿಕೆಯಾದ ರಿಟರ್ನ್‌ಗಳ ಆದಾಯ 4.9 ಲಕ್ಷದ ಆಸುಪಾಸಿನಲ್ಲೇ ನಿಂತಿತ್ತು.

ಇಷ್ಟಿದ್ದೂ ಹಣ ಹೇಗೆ ಬಂತು? ಈ ಪ್ರಶ್ನೆಯ ಉತ್ತರ ಗೊತ್ತಿಲ್ಲದೆಯೇ ಸಾವಿರಾರು ಜನ ಮೋಸ ಹೋಗುತ್ತಿದ್ದಾರೆ. ರಿಟರ್ನ್ ಜೊತೆ ಯಾವ ರಸೀದಿಯನ್ನೂ ಲಗತ್ತಿಸುವುದಿಲ್ಲ. ಸಲ್ಲಿಸಿದ ರಿಟರ್ನ್ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಹೋಗಿ ಸೆಕ್ಷನ್ 143(1)ರಡಿ ಕಂಪ್ಯೂಟರ್‌ನಲ್ಲೇ ಸಂಸ್ಕರಣೆಯಾಗುತ್ತದೆ. ಕೂಡು-ಕಳೆ ತಪ್ಪು, ಮೇಲ್ನೋಟಕ್ಕೇ ಕಾಣುವ ತಪ್ಪು ಕ್ಲೇಮು, ಟಿಡಿಎಸ್ ತಾಳೆ ಇವಷ್ಟೇ ಅಲ್ಲಿ ನೋಡುವುದು. ದೇಣಿಗೆ ನಿಜವಾಗಿ ಕೊಟ್ಟರೇ ಎಂದು ಅಲ್ಲಿ ಕೇಳುವುದಿಲ್ಲ. ಆ ಪ್ರಶ್ನೆಗೆ ಬೇರೆ ಹಂತ, ಬೇರೆ ಕಾಲಾವಕಾಶ ಇದೆ. ಸೆಕ್ಷನ್ 143(2)ರ ಪರಿಶೀಲನಾ ನೋಟಿಸ್ ಕಳಿಸಲು ಈ ರಿಟರ್ನ್‌ಗಳ ವಿಷಯದಲ್ಲಿ 2025ರ ಜೂನ್ 30ರವರೆಗೆ ಸಮಯವಿತ್ತು. ಅದು ಮುಗಿದರೂ ಸೆಕ್ಷನ್ 148ರಡಿ ಮರುತೆರೆಯಲು 2028ರ ಜೂನ್ 30ರವರೆಗೆ ಅವಕಾಶವಿದೆ. ರೀಫಂಡ್ ಬಂದಿದೆ ಎಂದರೆ ಕ್ಲೇಮು ಒಪ್ಪಿಗೆಯಾಗಿದೆ ಎಂದಲ್ಲ.

ತಿರುವು

2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ಇಂಥ ಏಜೆಂಟರ ಮೇಲೆ ದೇಶದ 150 ಕಡೆ ಪರಿಶೀಲನಾ ಕಾರ್ಯಾಚರಣೆ ನಡೆಸಿತು. ಕಮಿಷನ್ ಆಧಾರದ ಮೇಲೆ ಸುಳ್ಳು ರೀಫಂಡ್ ತೆಗೆಸುವ ಜಾಲಗಳಿವೆ, ತಾತ್ಕಾಲಿಕ ಇಮೇಲ್ ವಿಳಾಸ ಸೃಷ್ಟಿಸಿ ರಾಶಿ ರಾಶಿ ರಿಟರ್ನ್ ಸಲ್ಲಿಸಿ ಆಮೇಲೆ ಅವುಗಳನ್ನು ಕೈಬಿಡುತ್ತಾರೆ, ಹಾಗಾಗಿ ನೋಟಿಸ್‌ಗಳನ್ನು ಯಾರೂ ಓದುವುದೇ ಇಲ್ಲ ಎಂದು ಇಲಾಖೆಯ ಪ್ರಕಟಣೆಯೇ ಹೇಳಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ತೆರಿಗೆದಾರರು ರಿಟರ್ನ್ ತಿದ್ದಿ 1,045 ಕೋಟಿ ರೂ. ಸುಳ್ಳು ಕ್ಲೇಮು ಹಿಂಪಡೆದಿದ್ದಾರೆ ಎಂಬ ಮಾಹಿತಿಯೂ ಅದರಲ್ಲಿತ್ತು.

ಸುದ್ದಿ ಓದಿದ ಸೂಪರ್‌ವೈಸರ್ ಏಜೆಂಟ್‌ಗೆ ಫೋನ್ ಮಾಡಿದರು. ಏನೂ ಆಗಲ್ಲ ಸರ್, ಬೇಕಿದ್ದರೆ 5,000ಕ್ಕೆ ರಿವೈಸ್ಡ್ ರಿಟರ್ನ್ ಹಾಕಿಕೊಡುತ್ತೇನೆ ಎಂಬ ಉತ್ತರ ಬಂತು. ಅದು ಆಗದ ಮಾತು. ಆ ವರ್ಷದ ರಿವೈಸ್ಡ್ ರಿಟರ್ನ್‌ಗೆ ಕೊನೆಯ ದಿನ 2025ರ ಜನವರಿ 15. ಕೆಲವು ದಿನಗಳಲ್ಲಿ ಫೋನ್ ಸ್ವಿಚ್ ಆಫ್ ಆಯಿತು.

ಮೊದಲ ಸರಿಯಾದ ಹೆಜ್ಜೆ ಲಾಗಿನ್ ವಾಪಸ್ ಪಡೆದದ್ದು. ಹಳೆಯ ಪಾಸ್‌ವರ್ಡ್ ಕೆಲಸ ಮಾಡಲಿಲ್ಲ. ‘ಪಾಸ್‌ವರ್ಡ್ ಮರೆತಿದ್ದೇನೆ’ ಆಯ್ಕೆಗೆ ಹೋಗಿ ಆಧಾರ್‌ಗೆ ಜೋಡಿಸಿದ ಮೊಬೈಲ್‌ನ ಓಟಿಪಿಯಿಂದ ಹೊಸದು ಮಾಡಿಕೊಂಡರು. ಮೊಬೈಲ್ ನಂಬರ್ ಇವರದ್ದೇ ಇದ್ದುದರಿಂದ ಇದು ಸುಲಭವಾಯಿತು. ನೆಟ್ ಬ್ಯಾಂಕಿಂಗ್ ಮೂಲಕವೂ ಒಳಹೋಗಬಹುದು. ಪ್ರೊಫೈಲ್‌ಗೆ ಹೋಗಿ ಇಮೇಲ್ ಬದಲಿಸಿದರು. ಬಳಿಕ ‘ಪೆಂಡಿಂಗ್ ಆ್ಯಕ್ಷನ್ಸ್’ ಅಡಿಯಲ್ಲಿ, ಇಲಾಖೆಯ ನೋಟಿಸ್ ಬಂದು ಕೂರುವ ಇ-ಪ್ರೊಸೀಡಿಂಗ್ಸ್ ತೆರೆದು ನೋಡಿದರು. ಯಾವ ನೋಟಿಸೂ ಇರಲಿಲ್ಲ. ಇದೇ ಅವರನ್ನು ಉಳಿಸಿದ್ದು.

ಅದೇ ಮೇಜಿನಲ್ಲಿ ರಿಟರ್ನ್ ಹಾಕಿಸಿದ್ದ ಸ್ಟೋರ್ಸ್ ವಿಭಾಗದ ಸಹೋದ್ಯೋಗಿಗೆ ಆ ಅದೃಷ್ಟ ಇರಲಿಲ್ಲ. ಅವರ ಇ-ಪ್ರೊಸೀಡಿಂಗ್ಸ್‌ನಲ್ಲಿ 2025ರ ಜೂನ್‌ನಲ್ಲೇ ಹೊರಟ 143(2) ನೋಟಿಸ್, ಆಮೇಲೆ ದಾಖಲೆ ಕೇಳಿ ಬಂದ 142(1) ನೋಟಿಸ್ ಕೂತಿದ್ದವು. ಎರಡೂ ಏಜೆಂಟ್‌ನ ಜಿಮೇಲ್‌ಗೆ ಹೋಗಿದ್ದವು. ಉತ್ತರದ ಗಡುವು ಮುಗಿದಿತ್ತು.

ಏನು ಮಾಡುವುದು ಎಂಬ ತೀರ್ಮಾನ

ಸೂಪರ್‌ವೈಸರ್ ಮುಂದೆ ಮೂರು ದಾರಿ ಇದ್ದವು. ಜೊತೆಯವರ ಸಲಹೆ, “ಸುಮ್ನಿರು ಮಾರಾಯ, ಊರಿಗೆಲ್ಲ ಬಂದಾಗ ನಮಗೂ ಬರ್ಲಿ.” ಇದರ ಬೆಲೆ ಎಷ್ಟು ಎಂದು ಲೆಕ್ಕ ಹಾಕಬೇಕು. ಸುಳ್ಳು ಕಡಿತ ಎಂದರೆ 270ಎ ಪ್ರಕಾರ ಆದಾಯದ ತಪ್ಪು ವರದಿ. ದಂಡದ ಮೊತ್ತ, ತಪ್ಪಿಸಿದ ತೆರಿಗೆಯ 200 ಪರ್ಸೆಂಟ್. ಇವರ ವಿಷಯದಲ್ಲಿ ದಂಡವೊಂದೇ 2 ಲಕ್ಷ ದಾಟುತ್ತದೆ, ತೆರಿಗೆ ಮತ್ತು ಬಡ್ಡಿ ಬೇರೆ. ತಪ್ಪು ವರದಿ ಎಂದಾದರೆ ಆಗಿನ ನಿಯಮದಂತೆ 270ಎಎ ಕೊಡುವ ದಂಡಮುಕ್ತಿಯೂ ಸಿಗುತ್ತಿರಲಿಲ್ಲ. ಸೆಕ್ಷನ್ 276ಸಿ ಮತ್ತು 277ರಡಿ ಮೊಕದ್ದಮೆಗೂ ಅವಕಾಶವಿದೆ.

ಎರಡನೆಯ ದಾರಿ ಅರ್ಧ ತಿದ್ದುವುದು. ದೇಣಿಗೆ, ಶಿಕ್ಷಣ ಸಾಲ ಮಾತ್ರ ಹಿಂಪಡೆದು, ತಂದೆಯಿಂದ ಹಿಂದಿನ ದಿನಾಂಕದ ಬಾಡಿಗೆ ರಸೀದಿ ಬರೆಸಿ 1,80,000 ಉಳಿಸಿಕೊಳ್ಳಬಹುದು ಎಂದು ಒಬ್ಬರು ಹೇಳಿಕೊಟ್ಟರು. ತಂದೆಗೆ ಬಾಡಿಗೆ ಕೊಟ್ಟು ವಿನಾಯಿತಿ ಪಡೆಯುವುದು ಕಾನೂನುಬಾಹಿರವಲ್ಲ. ಆದರೆ ಹಣ ನಿಜವಾಗಿ ಖಾತೆಯಿಂದ ಖಾತೆಗೆ ಹೋಗಿರಬೇಕು, ತಂದೆಗೆ ಅದು ಬಾಡಿಗೆ ಆದಾಯವಾಗಿರಬೇಕು. ಇಲ್ಲಿ ಒಂದು ರೂಪಾಯಿಯೂ ಹೋಗಿರಲಿಲ್ಲ. ಆಗಿಹೋದ ವರ್ಷಕ್ಕೆ ರಸೀದಿ ಸೃಷ್ಟಿಸಿದರೆ ಏಜೆಂಟ್‌ನ ಸುಳ್ಳಿಗೆ ತಮ್ಮದೇ ಕೈಬರಹದ ಸಾಕ್ಷ್ಯ ಸೇರಿಸಿದಂತೆ. ಅಲ್ಲದೆ, ಗಡುವು ಮುಗಿದ ಮೇಲೆ ತಪ್ಪು ತಿದ್ದಲು ಹಾಕುವ ಅಪ್‌ಡೇಟೆಡ್ ರಿಟರ್ನ್ ಒಂದು ವರ್ಷಕ್ಕೆ ಒಂದೇ ಸಲ ಹಾಕಲು ಸಾಧ್ಯ. ಅರ್ಧ ಸುಳ್ಳು ಉಳಿದರೆ ಮತ್ತೆ ತಿದ್ದುವ ಅವಕಾಶವೇ ಇಲ್ಲ. ಈ ಸಲಹೆಯನ್ನು ಅವರು ಬಿಟ್ಟದ್ದು ಇಡೀ ಪ್ರಕರಣದ ಅತ್ಯಂತ ಮುಖ್ಯವಾದ ತೀರ್ಮಾನ ಎಂಬುದು ನಮ್ಮ ಅಭಿಪ್ರಾಯ.

ಉಳಿದದ್ದು ಮೂರನೆಯ ದಾರಿ: ಸೆಕ್ಷನ್ 139(8ಎ)ಯ ಅಪ್‌ಡೇಟೆಡ್ ರಿಟರ್ನ್, ಅಂದರೆ ಐಟಿಆರ್-ಯು. ಆ ವರ್ಷದ ಬಗ್ಗೆ ತೆರಿಗೆ ನಿರ್ಧಾರದ ಪ್ರಕ್ರಿಯೆ ಶುರುವಾಗಿದ್ದರೆ ಈ ಬಾಗಿಲು ಮುಚ್ಚುತ್ತದೆ. ಸ್ಟೋರ್ಸ್‌ನವರಿಗೆ ಮುಚ್ಚಿತ್ತು, ಇವರಿಗೆ ತೆರೆದಿತ್ತು.

ತಿದ್ದಿದ ಬಗೆ

ಪ್ರಾಕ್ಟೀಸ್ ಮಾಡುವ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರ ಬಳಿ ಹೋದರು. ಶುಲ್ಕ ಮೊದಲೇ ನಿಗದಿ. ಪಾಸ್‌ವರ್ಡ್ ಕೇಳಲಿಲ್ಲ, ಎದುರಿಗೆ ಕೂರಿಸಿಕೊಂಡೇ ತುಂಬಿದರು. ಹೊಸ ಲೆಕ್ಕದಲ್ಲಿ 80ಸಿ 1,50,000 ಮತ್ತು 80ಡಿ 18,000 ಮಾತ್ರ. ಆದಾಯ 9,29,600, ತೆರಿಗೆ 1,02,360.

ಟಿಡಿಎಸ್ ಹಣವೆಲ್ಲ ರೀಫಂಡ್ ಆಗಿ ಹೊರಗೆ ಹೋಗಿರುವುದರಿಂದ ಈ ತೆರಿಗೆ ಪೂರ್ತಿ ಮತ್ತೆ ಕಟ್ಟಬೇಕು. ಇದು ಅನೇಕರಿಗೆ ಹೊಳೆಯುವುದಿಲ್ಲ. ಒಮ್ಮೆ ಟಿಡಿಎಸ್ ಕಟ್ ಆಗಿದೆಯಲ್ಲ ಎನ್ನುತ್ತಾರೆ. ರೀಫಂಡ್ ಜೊತೆ ಬಂದ 2,652 ರೂ. ಬಡ್ಡಿಯೂ ಮರಳಬೇಕು. ಮೇಲೆ ಬಾಕಿ ತೆರಿಗೆಗೆ 234ಬಿ ಬಡ್ಡಿ ತಿಂಗಳಿಗೆ 1 ಪರ್ಸೆಂಟ್, 2024ರ ಏಪ್ರಿಲ್‌ನಿಂದ 2025ರ ಆಗಸ್ಟ್‌ವರೆಗೆ 17 ತಿಂಗಳಿಗೆ ಸುಮಾರು 17,400 ರೂ. ಇದೆಲ್ಲದರ ಮೇಲೆ ಹೆಚ್ಚುವರಿ ತೆರಿಗೆ 25 ಪರ್ಸೆಂಟ್. ಒಟ್ಟು ಸುಮಾರು 1.53 ಲಕ್ಷ ರೂ. ಆರ್‌ಡಿ ಮುರಿದು ಹೊಂದಿಸಿದರು.

ಕ್ರಮ ಹೀಗೆ: ಮೊದಲು ಇ-ಪೇ ಟ್ಯಾಕ್ಸ್‌ನಲ್ಲಿ ಸರಿಯಾದ ಅಸೆಸ್‌ಮೆಂಟ್ ವರ್ಷ (ಹಣಕಾಸು ವರ್ಷದ ಮರುವರ್ಷ), ಇಲ್ಲಿ 2024-25, ಆರಿಸಿ ಹಣ ಕಟ್ಟುವುದು, ಚಲನ್ ಸಂಖ್ಯೆ ಹಾಕಿ ಐಟಿಆರ್-ಯು ಸಲ್ಲಿಸುವುದು, ಇ-ವೆರಿಫೈ ಮಾಡುವುದು. ತೆರಿಗೆ ಕಟ್ಟಿದ ಪುರಾವೆ ಇಲ್ಲದ ಐಟಿಆರ್-ಯು ದೋಷಪೂರಿತ ಎನಿಸುತ್ತದೆ. ಹಣಕಾಸು ವರ್ಷ ಮತ್ತು ಅಸೆಸ್‌ಮೆಂಟ್ ವರ್ಷ ಅದಲುಬದಲಾದರೆ ಚಲನ್ ತಾಳೆಯಾಗದೆ ಇನ್ನೊಂದು ಸುತ್ತು ಅಲೆಯಬೇಕಾಗುತ್ತದೆ.

2024-25ರ ಹಣಕಾಸು ವರ್ಷದ ರಿಟರ್ನ್ ಅನ್ನು ಸೆಪ್ಟೆಂಬರ್‌ನ ಗಡುವಿನೊಳಗೆ ತಾವೇ ಸಲ್ಲಿಸಿದರು. ಆ ವರ್ಷದಿಂದ ಫಾರ್ಮ್‌ನಲ್ಲೇ ವಿಮಾ ಪಾಲಿಸಿ ಸಂಖ್ಯೆ, ಶಿಕ್ಷಣ ಸಾಲ ಕೊಟ್ಟ ಬ್ಯಾಂಕ್ ಮತ್ತು ಸಾಲದ ಖಾತೆ ಸಂಖ್ಯೆ, ಕಾಯಿಲೆಯ ಹೆಸರು ಕೇಳುತ್ತಿದೆ. ಬರೀ ಅಂಕಿ ತುಂಬಿ ಪಾರಾಗುವ ಕಾಲ ಮುಗಿಯುತ್ತಿದೆ, ಇದು ಒಳ್ಳೆಯ ಬದಲಾವಣೆ.

ಕಮಿಷನ್ ವಾಪಸ್ ಕೊಡಿ ಎಂದು ಏಜೆಂಟ್‌ಗೆ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ವಾಟ್ಸಾಪ್ ಸಂದೇಶಗಳು, ಯುಪಿಐ ರಸೀದಿ ಸೇರಿಸಿ ಪೋರ್ಟಲ್‌ನ ತೆರಿಗೆ ವಂಚನೆ ದೂರು ವಿಭಾಗದಲ್ಲಿ ದೂರು ಕೊಟ್ಟರು. ಸುಳ್ಳು ರಿಟರ್ನ್‌ಗೆ ಕುಮ್ಮಕ್ಕು ಕೊಡುವುದು ಸೆಕ್ಷನ್ 278ರಡಿ ಅಪರಾಧ. ಆದರೆ ಏಜೆಂಟ್‌ಗೆ ಶಿಕ್ಷೆಯಾದರೂ ತೆರಿಗೆದಾರನ ಬಾಕಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ.

ಎಲ್ಲ ಕೂಡಿ ಕಳೆದರೆ, ಕೈಗೆ ಬಂದದ್ದು 1,08,752. ಕೈಬಿಟ್ಟದ್ದು ಕಮಿಷನ್ 21,220 ಹಾಗೂ ಇಲಾಖೆಗೆ 1.53 ಲಕ್ಷ. ನಷ್ಟ 65,000 ರೂ. ಮೀರಿತು. ಸ್ಟೋರ್ಸ್‌ನವರು ತಡವಾಗಿಯಾದರೂ 142(1)ಕ್ಕೆ ಉತ್ತರಿಸಿ ಸುಳ್ಳು ಕಡಿತಗಳನ್ನು ಒಪ್ಪಿಕೊಂಡರು. ಆದರೂ ತೆರಿಗೆ ನಿರ್ಧಾರದ ಆದೇಶದ ಜೊತೆಗೇ 270ಎ ದಂಡದ ನೋಟಿಸ್ ಬಂತು.

ಯಾರನ್ನು ನಂಬುವುದು

ರೀಫಂಡ್ ಕೆಲಸ ಮಾಡಿಕೊಡುವವರೆಲ್ಲ ಮೋಸಗಾರರಲ್ಲ. ವರ್ಷದ ನಡುವೆ ಕೆಲಸ ಬದಲಿಸಿದವರು, ಬಾಡಿಗೆ ರಸೀದಿ ಕಂಪನಿಗೆ ತಡವಾಗಿ ಕೊಟ್ಟವರು, ಹಿಂಬಾಕಿ ಸಂಬಳ ಪಡೆದು ಫಾರ್ಮ್ 10ಇ ಸಲ್ಲಿಸಿ ಸೆಕ್ಷನ್ 89ರ ಪರಿಹಾರ ಕೇಳಬೇಕಾದವರು — ಇವರಿಗೆ ನಿಜವಾದ ರೀಫಂಡ್ ಇರುತ್ತದೆ, ತಿಳಿದವರ ನೆರವೂ ಬೇಕಾಗುತ್ತದೆ. ನೆರವು ಕೊಡುವವರನ್ನು ಅಳೆಯಲು ಈ ಪ್ರಕರಣದಿಂದ ಸಿಗುವ ಗಟ್ಟಿ ಗುರುತು ಎರಡು.

ಒಂದು, ಶುಲ್ಕ. ರೀಫಂಡಿನ ಪರ್ಸೆಂಟ್ ಕೇಳುವವರಿಗೆ ರೀಫಂಡ್ ದೊಡ್ಡದಾದಷ್ಟೂ ಲಾಭ. ತಪ್ಪಾದರೆ ಅವರಿಗೆ ನಷ್ಟವಿಲ್ಲ. ಚಾರ್ಟರ್ಡ್ ಅಕೌಂಟೆಂಟರು ಇಂಥ ಕೆಲಸಕ್ಕೆ ಫಲಿತಾಂಶದ ಪರ್ಸೆಂಟ್ ಲೆಕ್ಕದಲ್ಲಿ ಶುಲ್ಕ ಪಡೆಯುವುದನ್ನು ಅವರ ಕಾಯ್ದೆಯ ಮೊದಲ ಅನುಸೂಚಿಯೇ ವೃತ್ತಿ ದುರ್ನಡತೆ ಎನ್ನುತ್ತದೆ. ಹಾಗಾಗಿ ‘ನಮ್ಮಲ್ಲಿ ಸಿಎ ಇದ್ದಾರೆ’ ಎನ್ನುತ್ತಲೇ 20 ಪರ್ಸೆಂಟ್ ಕೇಳಿದರೆ ಅಲ್ಲೇ ಮಾತು ನಿಲ್ಲಿಸಬಹುದು. ಫಾರ್ಮ್ 16 ನೋಡುವ ಮೊದಲೇ ಮೊತ್ತ ಹೇಳುವವರ ಬಗ್ಗೆಯೂ ಇದೇ ಮಾತು.

ಎರಡು, ಲಾಗಿನ್. ಪಾಸ್‌ವರ್ಡ್ ಕೊಡದೆಯೂ ಕೆಲಸ ಮಾಡಿಸಬಹುದು. ನೋಂದಾಯಿತ ಇ-ರಿಟರ್ನ್ ಮಧ್ಯವರ್ತಿಯನ್ನು ಪೋರ್ಟಲ್‌ನ ‘ಆಥರೈಸ್ಡ್ ಪಾರ್ಟ್ನರ್ಸ್’ ಮೆನುವಿನಲ್ಲಿ ಸೇರಿಸಲು, ಬೇಡವಾದಾಗ ತೆಗೆಯಲು ವ್ಯವಸ್ಥೆ ಇದೆ. ಪ್ರೊಫೈಲ್‌ನ ಇಮೇಲ್ ಮತ್ತು ಮೊಬೈಲ್ ಯಾವತ್ತೂ ನಿಮ್ಮದೇ ಇರಬೇಕು. ಆಧಾರ್ ಓಟಿಪಿ ಹೇಳುವ ಮುನ್ನ ಒಟ್ಟು ಆದಾಯದ ಸಾಲನ್ನು ಫಾರ್ಮ್ 16ರ ಜೊತೆ ತಾಳೆ ನೋಡಿ, ವ್ಯತ್ಯಾಸದ ಪ್ರತಿ ಬಾಬ್ತಿಗೂ ರಸೀದಿ ನಿಮ್ಮ ಮನೆಯಲ್ಲಿದೆಯೇ ಎಂದು ಕೇಳಿಕೊಳ್ಳಿ.

ಎಚ್‌ಆರ್ ವಿಭಾಗಗಳಿಗೂ ಇಲ್ಲಿ ಕೆಲಸವಿದೆ. ಈ ಕಾರ್ಖಾನೆ ಈಗ ಹೊರಗಿನವರಿಗೆ ಮೇಜು ಕೊಡುವುದನ್ನು ನಿಲ್ಲಿಸಿದೆ. ಜನವರಿಯಲ್ಲೇ ಹೂಡಿಕೆ ಮತ್ತು ವಿಮೆಯ ಪುರಾವೆಗಳನ್ನು ಪಟ್ಟಿ ಸಮೇತ ಕೇಳುತ್ತದೆ. ಸೂಪರ್‌ವೈಸರ್‌ನ 18,000 ರೂ. ಪ್ರೀಮಿಯಂ ತಪ್ಪಿಹೋದದ್ದು ಅಂಥ ಪಟ್ಟಿ ಇಲ್ಲದ್ದಕ್ಕೇ.

ಹಿಂದೆ ಹೀಗೆ ರಿಟರ್ನ್ ಹಾಕಿಸಿದವರು ಇಂದೇ ‘ವ್ಯೂ ಫೈಲ್ಡ್ ರಿಟರ್ನ್ಸ್’ನಿಂದ ಎಲ್ಲ ವರ್ಷಗಳ ಪೂರ್ಣ ಪ್ರತಿ ಇಳಿಸಿಕೊಂಡು ನೋಡಿ, ಆಮೇಲೆ ಇ-ಪ್ರೊಸೀಡಿಂಗ್ಸ್ ತೆರೆಯಿರಿ. ನೋಟಿಸ್ ಇಲ್ಲದಿದ್ದರೆ ತಡಮಾಡಬೇಡಿ. ಹೆಚ್ಚುವರಿ ತೆರಿಗೆ ವರ್ಷದಿಂದ ವರ್ಷಕ್ಕೆ ಏರುತ್ತದೆ: ಅಸೆಸ್‌ಮೆಂಟ್ ವರ್ಷ ಮುಗಿದ ಮೊದಲ 12 ತಿಂಗಳಲ್ಲಿ 25 ಪರ್ಸೆಂಟ್, 24 ತಿಂಗಳವರೆಗೆ 50, 36ರವರೆಗೆ 60, 48ರವರೆಗೆ 70. ಅಸೆಸ್‌ಮೆಂಟ್ ವರ್ಷ 2024-25ಕ್ಕೆ 25 ಪರ್ಸೆಂಟಿನ ಗಡುವು 2026ರ ಮಾರ್ಚ್ 31, ಐವತ್ತರದ್ದು 2027ರ ಮಾರ್ಚ್ 31. ನೋಟಿಸ್ ಬಂದಿದ್ದರೆ ಅದರಲ್ಲಿ ಕೊಟ್ಟ ದಿನಾಂಕದೊಳಗೆ ಉತ್ತರಿಸಿ. ಗಡುವು ಹತ್ತಿರವಿದ್ದರೆ ಅದೇ ಪುಟದಲ್ಲಿ ಕಾಲಾವಕಾಶ ಕೇಳುವ ಆಯ್ಕೆ ಇದೆ.